ಗೇಮ್ ಸರ್ವರ್ ತಾನಾಗಿ ಅಪ್‌ಡೇಟ್ ಆಗದಿದ್ದಾಗ: ಕೊಂಡಿ ಕಳಚಿದ ಜಾಗ ಹುಡುಕುವ ಕ್ರಮ

ರಾತ್ರಿ ಊಟ ಮುಗಿಸಿ ನಾಲ್ಕೈದು ಜನ ಆಟಕ್ಕೆ ಕೂರುತ್ತಾರೆ. ಎಲ್ಲರ ಪರದೆಯ ಮೇಲೂ ಒಂದೇ ಸಂದೇಶ: ಸರ್ವರ್‌ನ ವರ್ಷನ್ ಬೇರೆ, ಒಳಗೆ ಹೋಗಲಾಗದು. ಅವರವರ ಕಂಪ್ಯೂಟರಿನಲ್ಲಿ ಆಟಗಳನ್ನು ಮಾರಿ ಅಪ್‌ಡೇಟ್ ಕೊಡುವ ಸ್ಟೀಮ್ ತಂತ್ರಾಂಶ ಸಂಜೆಯೇ ಹೊಸ ಬಿಲ್ಡ್ (ಆಟದ ಹೊಸ ಆವೃತ್ತಿ) ಇಳಿಸಿಕೊಂಡಿದೆ. ಸರ್ವರ್ ಮಾತ್ರ ಹಳೆಯದರಲ್ಲೇ ನಿಂತಿದೆ. ಆಟೊ ಅಪ್‌ಡೇಟ್ ಹಾಕಿಟ್ಟವರಿಗೂ ಹೀಗಾಗುತ್ತದೆ, ಏಕೆಂದರೆ ಡೆಡಿಕೇಟೆಡ್ ಸರ್ವರ್‌ನಲ್ಲಿ (ಆಟ ನಡೆಸಲೆಂದೇ ಬೇರೆಯಾಗಿ ಓಡುವ ಪ್ರೋಗ್ರಾಂ) ಅಂಥದ್ದೊಂದು ಗುಂಡಿ ಇಲ್ಲ. ಅದು ನಾಲ್ಕು ಕೆಲಸಗಳ ಸರಪಳಿ: ಹೊಸ ಬಿಲ್ಡ್ ಬಂದಿದೆ ಎಂದು ತಿಳಿಯುವುದು, ಓಡುತ್ತಿರುವ ಸರ್ವರನ್ನು ಸೇವ್ ಮಾಡಿಸಿ ನಿಲ್ಲಿಸುವುದು, ಫೈಲ್‌ಗಳನ್ನು ಬದಲಿಸುವುದು, ಮತ್ತೆ ಎಬ್ಬಿಸುವುದು. ಯಾವ ಕೊಂಡಿ ಕಳಚಿದೆ ಎಂದು ನೋಡದೆ ಎಲ್ಲವನ್ನೂ ಅಳಿಸಿ ಮರು ಇನ್‌ಸ್ಟಾಲ್ ಮಾಡಬೇಡಿ. ಆ ರಾತ್ರಿಗೆ ಸರ್ವರ್ ಎದ್ದೀತು, ಆದರೆ ದೋಷದ ಗುರುತೂ ಅಳಿಸಿಹೋಗುತ್ತದೆ. ಮುಂದಿನ ಅಪ್‌ಡೇಟಿಗೆ ಅದೇ ಪಾಡು.

ಇಲ್ಲಿ ಉದಾಹರಣೆಗೆ ವ್ಯಾಲ್‌ಹೈಮ್ ಆಟದ ಸರ್ವರನ್ನು ಇಟ್ಟುಕೊಂಡಿದೆ: ಉಬುಂಟು ಲಿನಕ್ಸ್, ಫೈಲ್ ಇಳಿಸಲು ಸ್ಟೀಮ್‌ಸಿಎಂಡಿ (ಕಮಾಂಡ್‌ಗಳಿಂದ ನಡೆಯುವ ಸ್ಟೀಮ್), ಓಡಿಸಲು ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಪ್ರೋಗ್ರಾಂಗಳನ್ನು ಎಬ್ಬಿಸಿ ನಿಲ್ಲಿಸುವ ವ್ಯವಸ್ಥೆ). ಸ್ಟೀಮ್‌ನಲ್ಲಿ ಸಿಗುವ ಬೇರೆ ಸರ್ವರ್‌ಗಳಿಗೂ ಇದೇ ದಾರಿ, ಆ್ಯಪ್ ಸಂಖ್ಯೆ ಮಾತ್ರ ಬೇರೆ: ರಸ್ಟ್ 258550, ಪಾಲ್‌ವರ್ಲ್ಡ್ 2394010, ಸೆವೆನ್ ಡೇಸ್ ಟು ಡೈ 294420. ಕಮಾಂಡ್‌ಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ. ಅಡಿಗೆರೆ ಇರುವಲ್ಲಿ ಅಡಿಗೆರೆಯನ್ನೇ ಹಾಕಿ.

ಮೊದಲು ವರ್ಲ್ಡ್ ಫೈಲ್‌ಗಳ ಪ್ರತಿ

ಸರ್ವರ್ ಫೈಲ್‌ಗಳು ಹೋದರೆ ಮತ್ತೆ ಇಳಿಸಿಕೊಳ್ಳಬಹುದು. ತಿಂಗಳುಗಟ್ಟಲೆ ಕಟ್ಟಿದ ಮನೆ, ಹಡಗು ಹೋದರೆ ಯಾರೂ ತಂದುಕೊಡಲಾರರು. ವ್ಯಾಲ್‌ಹೈಮ್‌ನ ಪ್ರತಿ ವರ್ಲ್ಡ್‌ಗೆ ಎರಡು ಫೈಲ್‌ಗಳಿವೆ, ಒಂದು ಡಿಬಿ, ಇನ್ನೊಂದು ಎಫ್‌ಡಬ್ಲ್ಯುಎಲ್. ಇವು ಸರ್ವರ್ ಫೋಲ್ಡರಿನಲ್ಲಿ ಇರುವುದಿಲ್ಲ. ಸರ್ವರ್ ಓಡಿಸುವ ಯೂಸರ್‌ನ ಹೋಮ್‌ನಲ್ಲಿ ಡಾಟ್ ಕಾನ್ಫಿಗ್, ಯೂನಿಟಿ3ಡಿ, ಐರನ್‌ಗೇಟ್, ವ್ಯಾಲ್‌ಹೈಮ್ ಎಂದು ಇಳಿಯುತ್ತಾ ಹೋದರೆ ವರ್ಲ್ಡ್ಸ್_ಲೋಕಲ್ ಫೋಲ್ಡರಿನಲ್ಲಿ ಸಿಗುತ್ತವೆ. ಎರಡನ್ನೂ ಒಟ್ಟಿಗೇ ನಕಲು ಮಾಡಿ ಬೇರೆ ಜಾಗದಲ್ಲಿಡಿ. ಹೊಸ ವರ್ಷನ್ ಒಮ್ಮೆ ವರ್ಲ್ಡನ್ನು ತೆರೆದು ಸೇವ್ ಮಾಡಿದ ಮೇಲೆ ಹಳೆಯ ವರ್ಷನ್ ಅದನ್ನು ಓದುತ್ತದೆ ಎಂದು ನಂಬಿ ಕೂರುವಂತಿಲ್ಲ. ಹಿಂದಕ್ಕೆ ಹೋಗಬೇಕಾಗಿ ಬಂದರೆ ಈ ಪ್ರತಿಯೊಂದೇ ದಾರಿ.

ಹೋಲಿಸಬೇಕಾದ ಎರಡು ಸಂಖ್ಯೆಗಳು

ನಿಮ್ಮ ಡಿಸ್ಕ್‌ನಲ್ಲಿರುವ ಬಿಲ್ಡ್ ಯಾವುದು, ಸ್ಟೀಮ್‌ನಲ್ಲಿರುವ ಬಿಲ್ಡ್ ಯಾವುದು? ಈ ಎರಡು ಸಂಖ್ಯೆ ಸಿಕ್ಕರೆ ಅರ್ಧ ಕೆಲಸ ಮುಗಿಯಿತು.

ಡಿಸ್ಕ್‌ನದು ಸರ್ವರ್ ಫೋಲ್ಡರಿನೊಳಗಿನ ಸ್ಟೀಮ್‌ಆ್ಯಪ್ಸ್‌ನಲ್ಲಿ, ಆ್ಯಪ್‌ಮ್ಯಾನಿಫೆಸ್ಟ್_896660 ಎಂಬ ಎಸಿಎಫ್ ಫೈಲ್‌ನಲ್ಲಿದೆ; ಮುಂದೆ ಮ್ಯಾನಿಫೆಸ್ಟ್ ಎಂದರೆ ಇದೇ. ಅದು ಬರೀ ಟೆಕ್ಸ್ಟ್, ಕ್ಯಾಟ್ ಕಮಾಂಡ್‌ನಲ್ಲೇ ಓದಬಹುದು. ‘ಬಿಲ್ಡ್‌ಐಡಿ’ ಮತ್ತು ‘ಸ್ಟೇಟ್‌ಫ್ಲ್ಯಾಗ್ಸ್’ ಎಂಬ ಎರಡು ಸಾಲುಗಳನ್ನು ಬರೆದಿಟ್ಟುಕೊಳ್ಳಿ.

ಸ್ಟೀಮ್‌ನದು ಬೇಕಾದರೆ ಸ್ಟೀಮ್‌ಸಿಎಂಡಿಗೆ ಅನಾನಿಮಸ್ ಆಗಿ ಲಾಗಿನ್ ಆಗಿ, ‘ಆ್ಯಪ್_ಇನ್ಫೋ_ಅಪ್‌ಡೇಟ್ 1’, ಆಮೇಲೆ ‘ಆ್ಯಪ್_ಇನ್ಫೋ_ಪ್ರಿಂಟ್ 896660’ ಕೊಡಿ. ಉದ್ದನೆಯ ಪಟ್ಟಿ ಬರುತ್ತದೆ. ಅದರಲ್ಲಿ ‘ಬ್ರಾಂಚಸ್’ (ಎಲ್ಲರಿಗೂ ಬಿಟ್ಟದ್ದು, ಪರೀಕ್ಷೆಗೆ ಬಿಟ್ಟದ್ದು ಎಂಬಂಥ ಕವಲುಗಳು) ಭಾಗಕ್ಕೆ ಹೋಗಿ, ಒಳಗಿನ ‘ಪಬ್ಲಿಕ್’ ಎಂಬುದರ ಕೆಳಗಿನ ಬಿಲ್ಡ್‌ಐಡಿ ನೋಡಿ.

ಎರಡೂ ಒಂದೇ ಆಗಿದ್ದು ಆಟಗಾರರಿಗೆ ಪ್ರವೇಶ ಸಿಗದಿದ್ದರೆ, ಡೌನ್‌ಲೋಡ್ ಸರಿಯಾಗಿಯೇ ಆಗಿದೆ, ರೀಸ್ಟಾರ್ಟ್ ಆಗಿಲ್ಲ. ತುಂಬಾ ಕಡೆ ಆಗುವುದು ಇದೇ. ಲಿನಕ್ಸ್‌ನಲ್ಲಿ ಓಡುತ್ತಿರುವ ಪ್ರೋಗ್ರಾಂನ ಫೈಲನ್ನು ಅಡಿಯಿಂದ ಬದಲಿಸಿದರೂ ಮೆಮೊರಿಯಲ್ಲಿರುವ ಹಳೆಯ ಪ್ರತಿಯೇ ಮುಂದುವರಿಯುತ್ತದೆ. ಸರ್ವರ್ ವಾರಗಟ್ಟಲೆ ಹಳೆಯದಾಗಿಯೇ ಓಡುತ್ತಿರಬಹುದು. ವಿಂಡೋಸ್‌ನಲ್ಲಿ ಇದಕ್ಕೆ ತಿರುಗುಮುರುಗು: ಬಳಕೆಯಲ್ಲಿರುವ ಫೈಲ್‌ಗೆ ಬೀಗ ಬಿದ್ದಿರುತ್ತದೆ, ಅಪ್‌ಡೇಟೇ ಅರ್ಧಕ್ಕೆ ನಿಲ್ಲುತ್ತದೆ. ಎರಡೂ ಕಡೆ ಕ್ರಮ ಒಂದೇ: ನಿಲ್ಲಿಸಿ, ಬದಲಿಸಿ, ಎಬ್ಬಿಸಿ.

ಸಂಖ್ಯೆಗಳು ಬೇರೆ ಬೇರೆಯಾಗಿದ್ದರೆ ಮುಂದಕ್ಕೆ ಹೋಗಿ.

ಕೈಯಾರೆ ಒಮ್ಮೆ ಓಡಿಸಿ, ಕೊನೆಯ ಸಾಲು ಓದಿ

ಸರ್ವರನ್ನು ನಿಲ್ಲಿಸಿ, ಅದನ್ನು ಓಡಿಸುವ ಯೂಸರ್ ಆಗಿಯೇ ಲಾಗಿನ್ ಆಗಿ. ರೂಟ್ (ಎಲ್ಲ ಅಧಿಕಾರವಿರುವ ಯೂಸರ್) ಆಗಿ ಬೇಡ, ಕಾರಣ ಮುಂದೆ ಬರುತ್ತದೆ. ಸ್ಟೀಮ್‌ಸಿಎಂಡಿಗೆ ಈ ಕ್ರಮದಲ್ಲಿ ಹೇಳಿ: ಮೊದಲು ‘ಫೋರ್ಸ್_ಇನ್‌ಸ್ಟಾಲ್_ಡಿರ್’ ಮತ್ತು ಸರ್ವರ್ ಫೋಲ್ಡರಿನ ಪೂರ್ತಿ ಹಾದಿ, ನಂತರ ‘ಲಾಗಿನ್ ಅನಾನಿಮಸ್’, ನಂತರ ‘ಆ್ಯಪ್_ಅಪ್‌ಡೇಟ್ 896660 ವ್ಯಾಲಿಡೇಟ್’, ಕೊನೆಗೆ ‘ಕ್ವಿಟ್’.

ಈ ಕ್ರಮ ಮುಖ್ಯ. ಹಳೆಯ ಸ್ಕ್ರಿಪ್ಟ್‌ಗಳಲ್ಲಿ ಲಾಗಿನ್ ಮೊದಲು, ಫೋಲ್ಡರ್ ಆಮೇಲೆ ಇರುತ್ತದೆ. ಈಗ ಹಾಗೆ ಬರೆದರೆ ಸ್ಟೀಮ್‌ಸಿಎಂಡಿ ಎಚ್ಚರಿಕೆಯ ಸಾಲು ಕೊಡುತ್ತದೆ. ಫೈಲ್‌ಗಳು ನಿಮ್ಮ ಫೋಲ್ಡರಿನ ಬದಲು ಸ್ಟೀಮ್‌ನ ಸ್ವಂತ ಫೋಲ್ಡರಿಗೆ ಹೋಗಿ ಕೂತಿದ್ದರೆ ‘ಅಪ್‌ಡೇಟ್ ಯಶಸ್ವಿ’ ಎಂದು ಬರುತ್ತದೆ, ಸರ್ವರ್ ಮಾತ್ರ ಹಳೆಯದೇ. ಡಿಸ್ಕ್‌ನಲ್ಲಿ ಎರಡು ಕಡೆ ಮ್ಯಾನಿಫೆಸ್ಟ್ ಇದೆಯೇ ಎಂದು ಫೈಂಡ್ ಕಮಾಂಡ್‌ನಲ್ಲಿ ಹುಡುಕಿ ನೋಡಿ.

ಆ್ಯಪ್ ಸಂಖ್ಯೆಯನ್ನೂ ನೋಡಿಕೊಳ್ಳಿ. 892970 ಎಂಬುದು ಆಟ, 896660 ಎಂಬುದು ಸರ್ವರ್. ಆಟದ ಸಂಖ್ಯೆ ಹಾಕಿ ಅನಾನಿಮಸ್ ಆಗಿ ಕೇಳಿದರೆ ‘ನೋ ಸಬ್‌ಸ್ಕ್ರಿಪ್ಷನ್’ ಎಂದು ಬರುತ್ತದೆ, ಅಂದರೆ ಈ ಖಾತೆ ಆಟವನ್ನು ಕೊಂಡಿಲ್ಲ ಎಂದು. ‘ಮಿಸ್ಸಿಂಗ್ ಕಾನ್ಫಿಗರೇಷನ್’ ಎಂದು ಬಂದರೆ ಗಾಬರಿ ಬೇಡ. ಹೊಸದಾಗಿ ಹಾಕಿದ ಸ್ಟೀಮ್‌ಸಿಎಂಡಿಗೆ ಆ್ಯಪ್‌ನ ವಿವರ ಇನ್ನೂ ಬಂದಿರುವುದಿಲ್ಲ. ಅದೇ ಕಮಾಂಡ್ ಇನ್ನೊಮ್ಮೆ ಕೊಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ‘ಇನ್‌ವ್ಯಾಲಿಡ್ ಪ್ಲಾಟ್‌ಫಾರ್ಮ್’ ಎಂದರೆ ಆ ಸರ್ವರ್ ಲಿನಕ್ಸ್‌ಗೆ ಇಲ್ಲ.

ಸ್ಟೀಮ್‌ಸಿಎಂಡಿಯೇ ಏಳದೆ, ಕಣ್ಣೆದುರಿಗಿರುವ ಫೈಲನ್ನು ‘ಅಂಥ ಫೈಲ್ ಇಲ್ಲ’ ಎಂದರೆ ಕಾರಣ ಬೇರೆ. ಲಿನಕ್ಸ್‌ನಲ್ಲಿ ಅದು 32 ಬಿಟ್ ಪ್ರೋಗ್ರಾಂ; 64 ಬಿಟ್ ಉಬುಂಟುವಿನಲ್ಲಿ ಅದಕ್ಕೆ ಬೇಕಾದ ಲೈಬ್ರರಿ ಇಲ್ಲ. ಲಿಬ್32ಜಿಸಿಸಿ-ಎಸ್1 ಪ್ಯಾಕೇಜ್ ಹಾಕಿದರೆ ಆಯಿತು. ಉಬುಂಟುವಿನ ದೊಡ್ಡ ಅಪ್‌ಗ್ರೇಡ್ ಆದ ಮೇಲೆ ಅಪ್‌ಡೇಟ್ ನಿಂತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

0ಎಕ್ಸ್ ಎಂದು ಶುರುವಾಗುವ ಸಂಕೇತ

ಸೋತಾಗ ಕೊನೆಯ ಸಾಲು ಹೀಗಿರುತ್ತದೆ: ಅಪ್‌ಡೇಟ್ ಕೆಲಸದ ನಂತರ ಆ್ಯಪ್ 896660ರ ಸ್ಥಿತಿ 0ಎಕ್ಸ್202. ಹೆಚ್ಚಿನವರು ಇದನ್ನು ದೋಷದ ಸಂಖ್ಯೆ ಎಂದುಕೊಂಡು ಅರ್ಥ ಹುಡುಕುತ್ತಾರೆ. ವಾಸ್ತವದಲ್ಲಿ ಅದು ಹಲವು ಗುರುತುಗಳನ್ನು ಕೂಡಿಸಿದ ಮೊತ್ತ, ಬಿಡಿಸಿ ಓದಬಹುದು. 2 ಎಂದರೆ ಅಪ್‌ಡೇಟ್ ಬೇಕಾಗಿದೆ. 4 ಎಂದರೆ ಪೂರ್ತಿ ಇನ್‌ಸ್ಟಾಲ್ ಆಗಿದೆ. 512 ಎಂದರೆ ಅಪ್‌ಡೇಟ್ ತಡೆದು ನಿಂತಿದೆ. 1024 ಎಂದರೆ ಅಪ್‌ಡೇಟ್ ಶುರುವಾಗಿದೆ. 0ಎಕ್ಸ್ ಎಂದರೆ ಹದಿನಾರರ ಎಣಿಕೆಯಲ್ಲಿ (ಹೆಕ್ಸಾಡೆಸಿಮಲ್) ಬರೆದ ಸಂಖ್ಯೆ. 0ಎಕ್ಸ್202 ಅನ್ನು ದಶಮಾನಕ್ಕೆ ತಂದರೆ 514, ಅಂದರೆ 512 ಮತ್ತು 2: ಅಪ್‌ಡೇಟ್ ಬೇಕು, ಆದರೆ ತಡೆದು ನಿಂತಿದೆ. 0ಎಕ್ಸ್402 ಎಂದರೆ 1024 ಮತ್ತು 2: ಶುರುವಾಯಿತು, ಮುಗಿಯಲಿಲ್ಲ. 0ಎಕ್ಸ್606 ಎಂದರೆ 1024, 512, 4, 2 ನಾಲ್ಕೂ ಸೇರಿವೆ: ಹಳೆಯದು ಪೂರ್ತಿ ಇದೆ, ಹೊಸದಕ್ಕೆ ಕೈಹಾಕಿ ನಡುವೆ ನಿಂತಿದೆ. ಮ್ಯಾನಿಫೆಸ್ಟ್‌ನ ಸ್ಟೇಟ್‌ಫ್ಲ್ಯಾಗ್ಸ್ ಸಾಲಿನಲ್ಲಿ ಬರುವುದೂ ಇದೇ ಮೊತ್ತ, ದಶಮಾನದಲ್ಲಿ. ಎಲ್ಲ ಸರಿ ಇದ್ದಾಗ ಅಲ್ಲಿ 4 ಮಾತ್ರ ಇರಬೇಕು.

ಎಲ್ಲಿ ನಿಂತಿತು ಎಂಬುದನ್ನು ಸಂಕೇತ ಹೇಳುತ್ತದೆ. ಏಕೆ ನಿಂತಿತು ಎಂಬುದನ್ನು ನೀವೇ ನೋಡಬೇಕು.

0ಎಕ್ಸ್202 ಬಂದಾಗ ಮೊದಲು ‘ಡಿಎಫ್ -ಎಚ್’ ಕೊಡಿ. ಬಹುತೇಕ ಡಿಸ್ಕ್ ತುಂಬಿರುತ್ತದೆ. ಹೊಸ ತುಣುಕುಗಳು ಸ್ಟೀಮ್‌ಆ್ಯಪ್ಸ್‌ನೊಳಗಿನ ‘ಡೌನ್‌ಲೋಡಿಂಗ್’ ಫೋಲ್ಡರಿನಲ್ಲಿ ತಯಾರಾಗಿ ಆಮೇಲೆ ಜಾಗಕ್ಕೆ ಹೋಗುತ್ತವೆ, ಹಾಗಾಗಿ ಕೆಲಹೊತ್ತು ಹಳತು ಹೊಸತು ಎರಡಕ್ಕೂ ಜಾಗ ಬೇಕು. ಸರ್ವರ್ ಫೋಲ್ಡರಿನ ಗಾತ್ರದಷ್ಟಾದರೂ ಖಾಲಿ ಜಾಗ ಸದಾ ಇರಲಿ. 20 ಜಿಬಿಯ ಸಣ್ಣ ಕ್ಲೌಡ್ ಯಂತ್ರದಲ್ಲಿ ಜಾಗ ನುಂಗುವುದು ಆಟವಲ್ಲ, ಹಳೆಯ ಬ್ಯಾಕಪ್‌ಗಳು ಮತ್ತು ಲಾಗ್‌ಗಳು. ‘ಜರ್ನಲ್‌ಸಿಟಿಎಲ್ --ವ್ಯಾಕ್ಯೂಮ್-ಸೈಜ್=200ಎಂ’ ಎಂದರೆ ಸಿಸ್ಟಮ್ ಲಾಗ್ 200 ಎಂಬಿಗೆ ಇಳಿಯುತ್ತದೆ.

0ಎಕ್ಸ್402, 0ಎಕ್ಸ್602 ಬಂದರೆ ನೆಟ್‌ವರ್ಕ್ ಕಡೆ ನೋಡಿ. ಸ್ಟೀಮ್ ಪ್ರತಿ ಮಂಗಳವಾರ ನಿರ್ವಹಣೆಗೆಂದು ಕೆಲಹೊತ್ತು ಕೆಳಗಿಳಿಯುತ್ತದೆ. ಅಮೆರಿಕದ ಮಂಗಳವಾರ ಮಧ್ಯಾಹ್ನ ಎಂದರೆ ನಮ್ಮಲ್ಲಿ ಬುಧವಾರ ನಸುಕು, ಅಂದರೆ ಹೆಚ್ಚಿನವರು ಅಪ್‌ಡೇಟ್ ಇಟ್ಟುಕೊಳ್ಳುವ ಹೊತ್ತೇ. ಬುಧವಾರ ಮಾತ್ರ ಸೋಲುತ್ತಿದೆ ಎಂದು ಲಾಗ್‌ನಲ್ಲಿ ಕಂಡರೆ ರಿಪೇರಿ ಬೇಕಿಲ್ಲ, ಹೊತ್ತು ಬದಲಿಸಿದರೆ ಸಾಕು.

0ಎಕ್ಸ್606 ಬಂದರೆ ಬರೆಯಲು ಅನುಮತಿ ಇದೆಯೇ ನೋಡಿ. ಈ ತೊಂದರೆ ಹುಟ್ಟುವ ಬಗೆ ಗೊತ್ತಿದ್ದರೆ ತಡೆಯುವುದು ಸುಲಭ. ಯಾರೋ ಒಮ್ಮೆ ಅವಸರದಲ್ಲಿ ಸುಡೋ (ರೂಟ್ ಅಧಿಕಾರದಲ್ಲಿ ಓಡಿಸುವ ಕಮಾಂಡ್) ಹಾಕಿ ಅಪ್‌ಡೇಟ್ ಓಡಿಸಿರುತ್ತಾರೆ. ಅಂದು ಬದಲಾದ ಫೈಲ್‌ಗಳೆಲ್ಲ ರೂಟ್‌ನ ಹೆಸರಿಗೆ ಹೋಗಿರುತ್ತವೆ. ಅಂದು ಸರ್ವರ್ ಚೆನ್ನಾಗಿಯೇ ಏಳುತ್ತದೆ, ಓದಲು ಅಡ್ಡಿಯಿಲ್ಲವಲ್ಲ. ಮುಂದಿನ ಆಟೊ ಅಪ್‌ಡೇಟ್ ಮಾಮೂಲಿ ಯೂಸರ್ ಹೆಸರಿನಲ್ಲಿ ಬಂದಾಗ ಆ ಫೈಲ್‌ಗಳನ್ನು ಮುಟ್ಟಲಾಗುವುದಿಲ್ಲ. ಸರ್ವರ್ ಫೋಲ್ಡರಿನಲ್ಲಿ ‘ಫೈಂಡ್’ ಜತೆ ‘-ಯೂಸರ್ ರೂಟ್’ ಕೊಟ್ಟು ಹುಡುಕಿ. ಒಂದಾದರೂ ಸಿಕ್ಕರೆ ‘ಚೋನ್ -ಆರ್’ (chown, R ದೊಡ್ಡಕ್ಷರ) ಕೊಟ್ಟು ಇಡೀ ಫೋಲ್ಡರನ್ನು ಸರ್ವರ್ ಯೂಸರ್‌ಗೆ ಮರಳಿಸಿ. ಹೋಮ್‌ನಲ್ಲಿರುವ ಸ್ಟೀಮ್ ಫೋಲ್ಡರಿಗೂ ಹೀಗೇ ಮಾಡಿ.

ಇವೆಲ್ಲ ಸರಿಯಿದ್ದೂ ಹಠ ಹಿಡಿದರೆ ಮೂರು ವಸ್ತುಗಳನ್ನು ಅಳಿಸಬಹುದು, ಈ ಕ್ರಮದಲ್ಲಿ, ಒಂದೊಂದರ ನಂತರವೂ ಮತ್ತೆ ಓಡಿಸಿ ನೋಡುತ್ತಾ: ಅರ್ಧ ಇಳಿದ ತುಣುಕುಗಳಿರುವ ‘ಡೌನ್‌ಲೋಡಿಂಗ್’ ಫೋಲ್ಡರ್; ಸ್ಟೀಮ್‌ಸಿಎಂಡಿಯ ಆ್ಯಪ್‌ಕ್ಯಾಶ್ ಫೋಲ್ಡರಿನಲ್ಲಿರುವ ಆ್ಯಪ್‌ಇನ್ಫೋ ಎಂಬ ವಿಡಿಎಫ್ ಫೈಲ್; ಕೊನೆಗೆ ಮ್ಯಾನಿಫೆಸ್ಟ್. ಮ್ಯಾನಿಫೆಸ್ಟ್ ಹೋದರೆ ವ್ಯಾಲಿಡೇಟ್ ಇಡೀ ಫೋಲ್ಡರನ್ನು ಮತ್ತೆ ಪರೀಕ್ಷಿಸಿ ಹೊಸದೊಂದನ್ನು ಬರೆಯುತ್ತದೆ. ಹಿಂದೊಮ್ಮೆ ಬೀಟಾ ಬ್ರಾಂಚ್ ಹಾಕಿ ಮರೆತಿದ್ದರೂ ಇದರಿಂದಲೇ ಬಿಡುಗಡೆ, ಏಕೆಂದರೆ ಬ್ರಾಂಚಿನ ಹೆಸರು ಮ್ಯಾನಿಫೆಸ್ಟ್‌ನಲ್ಲೇ ಉಳಿದಿರುತ್ತದೆ.

ಕೈಯಲ್ಲಿ ಆಗುತ್ತದೆ, ತಾನಾಗಿ ಆಗುವುದಿಲ್ಲ

ಇಲ್ಲಿಂದ ತೊಂದರೆ ಸಿಸ್ಟಮ್‌ಡಿಯದ್ದು. ‘ಜರ್ನಲ್‌ಸಿಟಿಎಲ್ -ಯು’ ಜತೆ ಸರ್ವಿಸ್ ಹೆಸರು ಕೊಟ್ಟು ಲಾಗ್ ತೆರೆಯಿರಿ.

‘ಸ್ಟಾರ್ಟ್-ಪ್ರಿ ಆಪರೇಷನ್ ಟೈಮ್ಡ್ ಔಟ್’ ಎಂಬ ಸಾಲು ಕಂಡರೆ ಕಳ್ಳ ಸಿಕ್ಕ. ಹಲವರು ಅಪ್‌ಡೇಟನ್ನು ಸರ್ವಿಸ್ ಫೈಲ್‌ನ (ಸರ್ವರನ್ನು ಹೇಗೆ ಓಡಿಸಬೇಕೆಂದು ಸಿಸ್ಟಮ್‌ಡಿಗೆ ಹೇಳುವ ಫೈಲ್) ‘ಎಕ್ಸೆಕ್‌ಸ್ಟಾರ್ಟ್‌ಪ್ರಿ’ ಸಾಲಿನಲ್ಲಿ ಇಡುತ್ತಾರೆ, ಸರ್ವರ್ ಏಳುವ ಮೊದಲು ಅಪ್‌ಡೇಟ್ ಆಗಲಿ ಎಂದು. ಯೋಚನೆ ಸರಿಯೇ. ಆದರೆ ಸಿಸ್ಟಮ್‌ಡಿ ಏಳಲು ಕೊಡುವ ಸಮಯ ಮಾಮೂಲಾಗಿ 90 ಸೆಕೆಂಡ್. ಸಣ್ಣ ಅಪ್‌ಡೇಟ್ ಅಷ್ಟರಲ್ಲಿ ಮುಗಿಯುತ್ತದೆ, ದೊಡ್ಡದು ಮುಗಿಯುವುದಿಲ್ಲ, ಸಿಸ್ಟಮ್‌ಡಿ ಅದನ್ನು ನಡುವೆಯೇ ಕೊಲ್ಲುತ್ತದೆ. ತಿಂಗಳುಗಳ ಕಾಲ ಸರಿಯಾಗಿದ್ದದ್ದು ದೊಡ್ಡ ಅಪ್‌ಡೇಟ್ ಬಂದ ದಿನವೇ ಕೈಕೊಡುವುದು ಇದರಿಂದ. ಸರ್ವಿಸ್ ಭಾಗದಲ್ಲಿ ‘ಟೈಮ್‌ಔಟ್‌ಸ್ಟಾರ್ಟ್‌ಸೆಕ್=1800’ ಎಂದು ಸೇರಿಸಿ ಅರ್ಧ ಗಂಟೆ ಕೊಡಿ.

‘ಎಕ್ಸೆಕ್‌ಸ್ಟಾರ್ಟ್‌ಪ್ರಿ’ ಸಾಲಿನಲ್ಲಿ ಕಮಾಂಡ್‌ನ ಮುಂದೆ ಒಂದು ಮೈನಸ್ ಗುರುತು ಹಾಕಿ. ಅದಿಲ್ಲದಿದ್ದರೆ ಅಪ್‌ಡೇಟ್ ಸೋತಾಗ ಸರ್ವರೇ ಏಳುವುದಿಲ್ಲ. ಸ್ಟೀಮ್ ಹತ್ತು ನಿಮಿಷ ಸಿಗಲಿಲ್ಲವೆಂದು ಆಟ ಬಂದ್ ಆಗಬಾರದು. ಹಳೆಯ ಬಿಲ್ಡ್‌ನಲ್ಲಾದರೂ ಎದ್ದಿರಲಿ. ಫೈಲ್ ತಿದ್ದಿದ ಮೇಲೆ ‘ಸಿಸ್ಟಮ್‌ಸಿಟಿಎಲ್ ಡೀಮನ್-ರಿಲೋಡ್’ ಮರೆಯಬೇಡಿ.

ಲಾಗ್‌ನಲ್ಲಿ ಏನೂ ಇಲ್ಲದಿದ್ದರೆ ಟೈಮರ್ (ಹೊತ್ತಿಗೆ ಸರಿಯಾಗಿ ಸರ್ವಿಸನ್ನು ಓಡಿಸುವ ಸಿಸ್ಟಮ್‌ಡಿಯ ಅಲಾರಂ) ಹೊಡೆದೇ ಇಲ್ಲ. ‘ಸಿಸ್ಟಮ್‌ಸಿಟಿಎಲ್ ಲಿಸ್ಟ್-ಟೈಮರ್ಸ್’ ಪಟ್ಟಿಯಲ್ಲಿ ನಿಮ್ಮ ಟೈಮರ್ ಇದೆಯೇ? ಸರ್ವಿಸನ್ನು ಎನೇಬಲ್ ಮಾಡಿ ಟೈಮರನ್ನು ಬಿಟ್ಟಿರುವುದು ಸಾಮಾನ್ಯ. ಇದ್ದೂ ಹೊತ್ತು ತಪ್ಪಿದ್ದರೆ ಯಂತ್ರದ ಗಡಿಯಾರ ನೋಡಿ. ಮುಂಬೈ ಡೇಟಾ ಸೆಂಟರ್‌ನಲ್ಲಿ ಬಾಡಿಗೆಗೆ ಪಡೆದ ಯಂತ್ರವೂ ಸಾಮಾನ್ಯವಾಗಿ ಯುಟಿಸಿಯಲ್ಲೇ (ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಇರುತ್ತದೆ. ನೀವು ಬೆಳಗಿನ ಜಾವ 4 ಎಂದು ಬರೆದದ್ದು ನಮ್ಮ 9.30ಕ್ಕೆ ಓಡುತ್ತದೆ. ‘ಆನ್‌ಕ್ಯಾಲೆಂಡರ್’ ಸಾಲಿನ ಕೊನೆಗೆ ಏಷ್ಯಾ/ಕೋಲ್ಕತಾ ಎಂದು ಬರೆದರೆ ಲೆಕ್ಕ ಹಾಕುವ ಕೆಲಸವೇ ಇಲ್ಲ. ಟೈಮರ್ ಬದಲು ಕ್ರಾನ್ (ಹೊತ್ತಿಗೆ ಸರಿಯಾಗಿ ಕಮಾಂಡ್ ಓಡಿಸುವ ಹಳೆಯ ವ್ಯವಸ್ಥೆ) ಬಳಸುವವರು ಇನ್ನೊಂದನ್ನು ನೋಡಿ: ಕ್ರಾನ್ ಸಾಲಿನಲ್ಲಿ ಶೇಕಡಾ ಗುರುತಿಗೆ ಬೇರೆಯೇ ಅರ್ಥವಿದೆ. ದಿನಾಂಕ ಸೇರಿಸಿದ ಬ್ಯಾಕಪ್ ಕಮಾಂಡ್ ಕೈಯಲ್ಲಿ ಓಡಿ ಕ್ರಾನ್‌ನಲ್ಲಿ ಮುರಿಯುವುದು ಇದಕ್ಕೇ. ಪ್ರತಿ ಶೇಕಡಾ ಗುರುತಿನ ಮುಂದೆ ಬ್ಯಾಕ್‌ಸ್ಲ್ಯಾಶ್ ಬೇಕು.

ಹೊಸ ಬಿಲ್ಡ್ ಬಂದಾಗ ಮಾತ್ರ ರೀಸ್ಟಾರ್ಟ್ ಆಗುವ ಹಾಗೆ

ದಿನಕ್ಕೊಮ್ಮೆ ಸುಮ್ಮನೆ ರೀಸ್ಟಾರ್ಟ್ ಮಾಡುವುದು ಸರಳ, ಸಣ್ಣ ಗುಂಪಿಗೆ ಅದೇ ಸಾಕು. ಗಂಟೆಗೊಮ್ಮೆ ನೋಡಿ ಬೇಕಾದಾಗ ಮಾತ್ರ ಮಾಡಬೇಕೆಂದರೆ ಮೇಲಿನ ಎರಡು ಸಂಖ್ಯೆಗಳನ್ನು ಹೋಲಿಸುವ ಸ್ಕ್ರಿಪ್ಟ್ ಬೇಕು. ಇಂಥ ಸ್ಕ್ರಿಪ್ಟ್‌ಗಳು ತಪ್ಪುವುದು ಎರಡು ಕಡೆ.

ಒಂದು, ಸ್ಟೀಮ್‌ನಿಂದ ಉತ್ತರ ಬರದಿದ್ದಾಗ ಸಂಖ್ಯೆ ಖಾಲಿಯಾಗಿರುತ್ತದೆ. ಖಾಲಿ ಮತ್ತು ನಿಮ್ಮ ಬಿಲ್ಡ್ ‘ಬೇರೆ ಬೇರೆ’ ತಾನೇ? ಸ್ಕ್ರಿಪ್ಟ್ ಹೊಸ ಬಿಲ್ಡ್ ಬಂತೆಂದುಕೊಂಡು ಆಡುವವರ ನಡುವೆಯೇ ಸರ್ವರ್ ಬೀಳಿಸುತ್ತದೆ. ಬಂದದ್ದು ಬರೀ ಅಂಕಿಗಳೇ ಎಂದು ಮೊದಲು ಪರೀಕ್ಷಿಸಿ, ಅಲ್ಲದಿದ್ದರೆ ಏನೂ ಮಾಡದೆ ಹೊರಬರಲಿ. ಎರಡು, ಪಟ್ಟಿಯಲ್ಲಿ ಹಲವು ಬ್ರಾಂಚ್‌ಗಳ ಬಿಲ್ಡ್‌ಐಡಿಗಳಿರುತ್ತವೆ. ಗ್ರೆಪ್ ಮಾಡಿ (ಪದ ಹುಡುಕುವ ಕಮಾಂಡ್) ಸಿಕ್ಕಿದ್ದನ್ನು ಹಿಡಿದರೆ ಒಂದು ದಿನ ಪರೀಕ್ಷಾ ಬ್ರಾಂಚಿನ ಸಂಖ್ಯೆ ಕೈಗೆ ಬರುತ್ತದೆ. ಅದು ನಿಮ್ಮದಕ್ಕೆ ಎಂದೂ ಹೊಂದುವುದಿಲ್ಲ, ಸರ್ವರ್ ಗಂಟೆಗೊಮ್ಮೆ ಬಿದ್ದೇಳುತ್ತದೆ. ‘ಬ್ರಾಂಚಸ್’ ನಂತರದ ‘ಪಬ್ಲಿಕ್’, ಅದರ ನಂತರದ ಮೊದಲ ಬಿಲ್ಡ್‌ಐಡಿ ಎಂದೇ ಹಿಡಿಯಬೇಕು.

ರೀಸ್ಟಾರ್ಟ್ ಮಾಡಲು ರೂಟ್ ಬೇಕು, ಸ್ಟೀಮ್‌ಸಿಎಂಡಿಗೆ ರೂಟ್ ಬೇಡ. ಹಾಗಾಗಿ ಸ್ಕ್ರಿಪ್ಟನ್ನು ರೂಟ್‌ನ ಟೈಮರ್‌ನಲ್ಲಿಟ್ಟು, ಸ್ಟೀಮ್‌ಸಿಎಂಡಿ ಕರೆಯುವ ಸಾಲನ್ನು ಮಾತ್ರ ‘ರನ್‌ಯೂಸರ್ -ಎಲ್’ ಮೂಲಕ ಸರ್ವರ್ ಯೂಸರ್ ಹೆಸರಿನಲ್ಲಿ ಓಡಿಸಿ. ಯಾರಾದರೂ ಆಡುತ್ತಿದ್ದಾರೆಯೇ ಎಂದು ತಿಳಿಯಲು ವ್ಯಾಲ್‌ಹೈಮ್‌ನ ಲಾಗ್‌ನಲ್ಲಿ ಆಗಾಗ ಬರುವ ‘ಕನೆಕ್ಷನ್ಸ್’ ಸಾಲಿದೆ. ಅಲ್ಲಿ 0 ಇದ್ದರೆ ಮುಂದುವರಿಯಲಿ.

ನಿಲ್ಲಿಸುವ ರೀತಿ

ಅಪ್‌ಡೇಟ್ ಆದ ಮೇಲೆ ‘ಅರ್ಧ ಗಂಟೆಯ ಕೆಲಸ ಹೋಯಿತು’ ಎಂಬ ದೂರು ಬಂದರೆ ನಿಲ್ಲಿಸಿದ್ದು ಸರಿಯಿಲ್ಲ. ವ್ಯಾಲ್‌ಹೈಮ್ ತಾನಾಗಿ ಸೇವ್ ಮಾಡುವುದು ಮಾಮೂಲಾಗಿ 1800 ಸೆಕೆಂಡಿಗೊಮ್ಮೆ. ನಿಲ್ಲುವಾಗ ಸೇವ್ ಆಗಬೇಕಾದರೆ ಅದಕ್ಕೆ ಸಿಗ್‌ಇಂಟ್ ಸಿಗ್ನಲ್ ಹೋಗಬೇಕು, ಟರ್ಮಿನಲ್‌ನಲ್ಲಿ ಕಂಟ್ರೋಲ್-ಸಿ ಒತ್ತಿದ ಹಾಗೆ. ಸಿಸ್ಟಮ್‌ಡಿ ಕಳಿಸುವುದು ಸಿಗ್‌ಟರ್ಮ್. ಸರ್ವಿಸ್ ಫೈಲ್‌ನಲ್ಲಿ ‘ಕಿಲ್‌ಸಿಗ್ನಲ್=ಸಿಗ್‌ಇಂಟ್’ ಎಂದು ಬರೆಯಿರಿ. ನಿಲ್ಲಿಸಿದಾಗ ಲಾಗ್‌ನ ಕೊನೆಯಲ್ಲಿ ‘ವರ್ಲ್ಡ್ ಸೇವ್ಡ್’ ಎಂದು, ಪಕ್ಕದಲ್ಲಿ ಎಷ್ಟು ಮಿಲಿಸೆಕೆಂಡ್ ಹಿಡಿಯಿತೆಂದು ಬರಬೇಕು. ಆ ಸಾಲು ಕಾಣುವವರೆಗೆ ಆಟೊ ಅಪ್‌ಡೇಟ್ ಚಾಲೂ ಮಾಡಬೇಡಿ.

ಸರ್ವರ್ ಜತೆ ಬರುವ ಸ್ಟಾರ್ಟ್_ಸರ್ವರ್ ಸ್ಕ್ರಿಪ್ಟ್‌ನಲ್ಲೇ ಹೆಸರು, ಪಾಸ್‌ವರ್ಡ್ ತಿದ್ದಿಕೊಂಡಿದ್ದರೆ ವ್ಯಾಲಿಡೇಟ್ ಅದನ್ನು ಮೂಲ ರೂಪಕ್ಕೆ ತರುತ್ತದೆ. ಅಪ್‌ಡೇಟ್ ನಂತರ ಸರ್ವರ್ ಬೇರೆ ಹೆಸರಿನಲ್ಲಿ, ಖಾಲಿ ವರ್ಲ್ಡ್‌ನೊಂದಿಗೆ ಎದ್ದರೆ ಅಳಬೇಕಿಲ್ಲ. ಹಳೆಯ ವರ್ಲ್ಡ್ ಇದ್ದ ಜಾಗದಲ್ಲೇ ಇದೆ. ಸ್ಕ್ರಿಪ್ಟನ್ನು ಬೇರೆ ಹೆಸರಿಗೆ ನಕಲು ಮಾಡಿ ಅದನ್ನೇ ತಿದ್ದಿ, ಸರ್ವಿಸ್ ಫೈಲ್ ಆ ನಕಲನ್ನು ಕರೆಯಲಿ.

ಬೆಪ್‌ಇನ್‌ಎಕ್ಸ್ ಎಂಬ ಸಾಧನದ ಮೂಲಕ ಮಾಡ್‌ಗಳನ್ನು (ಆಟವನ್ನು ಬದಲಿಸಲು ಬೇರೆಯವರು ಬರೆದ ಸೇರ್ಪಡೆಗಳು) ಹಾಕಿರುವ ಸರ್ವರಿಗೆ ಆಟೊ ಅಪ್‌ಡೇಟ್ ಬೇಡವೇ ಬೇಡ. ಆಟದ ಒಳಗಿನ ಕೋಡ್ ಬದಲಾದರೆ ಮಾಡ್‌ಗಳು ಮುರಿಯುತ್ತವೆ, ಮುರಿದ ಮಾಡ್‌ನೊಂದಿಗೆ ವರ್ಲ್ಡ್ ಸೇವ್ ಆದರೆ ಆ ಮಾಡ್ ಸೇರಿಸಿದ್ದ ವಸ್ತುಗಳು ಕಾಣೆಯಾಗಬಹುದು. ಅಂಥ ಕಡೆ ಹೋಲಿಸುವ ಸ್ಕ್ರಿಪ್ಟ್ ಬರೀ ಸುದ್ದಿ ಮುಟ್ಟಿಸಲಿ. ಮಾಡ್‌ಗಳ ಹೊಸ ವರ್ಷನ್ ಬಂದ ಮೇಲೆ ಕೈಯಾರೆ ಮಾಡಿ.

ಎಲ್ಲ ಹೊಂದಿಸಿದ ಮೇಲೆ ನಿಜವಾದ ಅಪ್‌ಡೇಟ್‌ಗೆ ಕಾಯದೆ ಪರೀಕ್ಷಿಸಬಹುದು. ಯಾರೂ ಆಡದ ಹೊತ್ತಿನಲ್ಲಿ, ಸ್ಕ್ರಿಪ್ಟ್‌ನಲ್ಲಿ ಡಿಸ್ಕ್‌ನ ಬಿಲ್ಡ್‌ಐಡಿ ಓದುವ ಜಾಗದಲ್ಲಿ ತಾತ್ಕಾಲಿಕವಾಗಿ 1 ಎಂದು ಬರೆದು ಓಡಿಸಿ. ಲಾಗ್‌ನಲ್ಲಿ ಮೂರು ಸಾಲುಗಳು ಇದೇ ಕ್ರಮದಲ್ಲಿ ಬರಬೇಕು: ವರ್ಲ್ಡ್ ಸೇವ್ ಆದದ್ದು, 896660ರ ಬಗ್ಗೆ ಸ್ಟೀಮ್‌ಸಿಎಂಡಿ ‘ಸಕ್ಸೆಸ್’ ಎಂದದ್ದು, ಸರ್ವರ್ ಎದ್ದು ‘ಗೇಮ್ ಸರ್ವರ್ ಕನೆಕ್ಟೆಡ್’ ಎಂದದ್ದು. ಮೂರೂ ಬಂದರೆ ಆ 1 ಅನ್ನು ತೆಗೆದು ಟೈಮರ್ ಎನೇಬಲ್ ಮಾಡಿ.